ಎರೆಹೊಲದ ಇಲಿಗಳಿಗೆ ಒಂದು ಜೀನೋಮ್ ಡೇಟಾಬೇಸ್: ಎಲ್ಲಿಂದ ಶುರು ಮಾಡಬೇಕು?

ಎರೆಮಣ್ಣು

ನಮಸ್ಕಾರ. ಧಾರವಾಡ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲಿನ ಹೊತ್ತೆಲ್ಲ ಹೊಲದ ಇಲಿಗಳಿಗೆ ಹೋಗುತ್ತದೆ. ಹಿಂಗಾರಿ ಜೋಳದ ಕೊಯ್ಲಾದ ಮೇಲೆ ಬದುಗಳಲ್ಲಿ ಬಿಲ ಹುಡುಕುವುದು, ಹಿಡಿದದ್ದನ್ನು ಅಳೆದು ತೂಗಿ ಬರೆದಿಡುವುದು, ಮೂಳೆಮಜ್ಜೆಯಿಂದ ವರ್ಣತಂತುಗಳ ಸ್ಲೈಡ್ ಮಾಡುವುದು: ಇಷ್ಟು ನನಗೆ ಗೊತ್ತಿರುವ ಕೆಲಸ.

ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಸಿಗುವವು ಐದು. ಹತ್ತು ಗ್ರಾಂ ತೂಗುವ ಹೊಲದ ಚಿಟ್ಟಿಲಿ ಮುಸ್ ಬೂಡುಗಾ; ಅದರ ಪಕ್ಕದಲ್ಲಿಟ್ಟರೆ ಬೇರೆ ಎಂದು ಹೇಳಲು ಧೈರ್ಯ ಬಾರದ ಮುಸ್ ಟೆರಿಕಲರ್; ಬೆನ್ನ ಮೇಲೆ ಮುಳ್ಳುಗೂದಲಿರುವ, ಬಿಲದ ಬಾಯಿಗೆ ಸಣ್ಣ ಹರಳುಕಲ್ಲು ಪೇರಿಸುವ ಮುಸ್ ಪ್ಲಾಟಿಥ್ರಿಕ್ಸ್; ಮೆದು ತುಪ್ಪಳದ ಮಿಲ್ಲಾರ್ಡಿಯಾ ಮೆಲ್ಟಾಡಾ; ಮತ್ತು ಗದ್ದೆಗಳನ್ನೆಲ್ಲ ತೋಡಿ ಹಾಕುವ ಸಣ್ಣ ಹೆಗ್ಗಣ ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್.

ಈಗ ಒಂದು ಸಣ್ಣ ಅನುದಾನ ಸಿಕ್ಕಿ ಇವುಗಳಲ್ಲಿ ಕೆಲವು ಪ್ರಾಣಿಗಳ ಪೂರ್ಣ ಜೀನೋಮ್ (ಡಿಎನ್‌ಎಯ ಇಡೀ ಪಠ್ಯ) ಓದಿಸಿದ್ದೇವೆ. ಫಲಿತಾಂಶ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಬಂದು ನನ್ನ ಮೇಜಿನ ಡ್ರಾಯರ್‌ನಲ್ಲಿ ಕುಳಿತಿದೆ. ಅಮೆರಿಕದವರು ಪೆರೋಮಿಸ್ಕಸ್ ಎಂಬ ತಮ್ಮ ಕಾಡಿಲಿಗಳಿಗೆ ಮಾಡಿಕೊಂಡಂತೆ ನಮ್ಮ ದಖ್ಖನಿನ ಇಲಿಗಳಿಗೂ ಯಾರು ಬೇಕಾದರೂ ನೋಡಬಹುದಾದ ಆನ್‌ಲೈನ್ ಡೇಟಾಬೇಸ್ ಆಗಬೇಕೆಂಬುದು ಆಸೆ. ಪೈಥಾನ್ ಬಲ್ಲ ಒಬ್ಬ ವಿದ್ಯಾರ್ಥಿನಿ ಇದ್ದಾಳೆ. ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಒಂದು ಸರ್ವರ್ ಇದೆ. ಕರೆಂಟು ಹೋದರೆ ಅದೂ ಹೋಗುತ್ತದೆ. ಯಾವ ತಂತ್ರಾಂಶ ಹಾಕಬೇಕು, ವೆಬ್‌ಸೈಟಿನ ವಿನ್ಯಾಸ ಹೇಗಿರಬೇಕು? ಅನುಭವವಿದ್ದವರು ತಿಳಿಸಿ.

---

ಸಾಲುಮರ

ಸರ್, ನಿಮ್ಮ ಪ್ರಶ್ನೆಯ ಕೊನೆಯ ಸಾಲನ್ನು ಸದ್ಯಕ್ಕೆ ಬದಿಗಿಡುತ್ತೇನೆ. ತಂತ್ರಾಂಶದ ಮಾತು ಆಮೇಲೆ. ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪೆರೋಮಿಸ್ಕಸ್ ತಂಡವೊಂದರ ದತ್ತಾಂಶ ನೋಡಿಕೊಳ್ಳುವ ಕೆಲಸದಲ್ಲಿದ್ದೆ, ಈಗ ಮೈಸೂರಿನಲ್ಲಿದ್ದೇನೆ. ಆ ಕೆಲಸದಲ್ಲಿ ಜೀನೋಮ್‌ಗಿಂತ ಹೆಚ್ಚು ಹೊತ್ತು ನೋಡಿದ್ದು ಹಳೆಯ ಚೀಟಿಗಳನ್ನು. ಈ ಮಾದರಿ ಯಾವ ಪ್ರಾಣಿಯದು, ಆ ಪ್ರಾಣಿ ಎಲ್ಲಿಯದು, ಅದರ ಹೆಸರು ಇಟ್ಟವರು ಯಾರು ಎಂಬ ಮೂರು ಪ್ರಶ್ನೆಗೆ ಉತ್ತರವಿದ್ದ ಫೈಲುಗಳು ಇಂದಿಗೂ ಬಳಕೆಯಲ್ಲಿವೆ. ಉತ್ತರವಿಲ್ಲದವು ಡಿಸ್ಕಿನಲ್ಲಿ ಜಾಗ ತಿನ್ನುತ್ತ ಬಿದ್ದಿವೆ.

ಪೆರೋಮಿಸ್ಕಸ್‌ನವರಿಗೆ ಒಂದು ಅದೃಷ್ಟವಿತ್ತು, ಅದು ನಿಮಗಿಲ್ಲ. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1985ರಿಂದ ಈ ಇಲಿಗಳ ತಳಿ ಸಂಗ್ರಹ ಕೇಂದ್ರವೊಂದಿದೆ. ಅಲ್ಲಿನ ಒಂದು ಸಂತತಿ ಮಿಷಿಗನ್ನಿನ ಆನ್ ಆರ್ಬರ್ ಬಳಿ 1940ರ ದಶಕದಲ್ಲಿ ಹಿಡಿದ 40 ಡಿಯರ್ ಮೌಸ್‌ಗಳಿಂದ (ಪೆರೋಮಿಸ್ಕಸ್ ಮ್ಯಾನಿಕ್ಯುಲೇಟಸ್) ಬಂದದ್ದು. ಇನ್ನೊಂದು, ಬಿಳಿಗಾಲಿನ ಪೆರೋಮಿಸ್ಕಸ್ ಲ್ಯೂಕೋಪಸ್, ನಾರ್ತ್ ಕೆರೊಲಿನಾದ ಲಿನ್‌ವಿಲ್ ಬಳಿ 1982ರಿಂದ 1985ರ ನಡುವೆ ಹಿಡಿದ 38 ಇಲಿಗಳಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ತಂಡ 2019ರಲ್ಲಿ ಲ್ಯೂಕೋಪಸ್ ಜೀನೋಮ್ ಪ್ರಕಟಿಸಿದಾಗ, ಸುಮಾರು 245 ಕೋಟಿ ಅಕ್ಷರಗಳ ಆ ಪಠ್ಯ ಬಂದದ್ದು ಈ ಲಿನ್‌ವಿಲ್ ಸಂತತಿಯ ಒಂದು ಹೆಣ್ಣಿನಿಂದ. ಲೈಮ್ ರೋಗದ ಬ್ಯಾಕ್ಟೀರಿಯಾವನ್ನು ಮೈಯಲ್ಲಿಟ್ಟುಕೊಂಡೂ ಆರೋಗ್ಯವಾಗಿ ಓಡಾಡುವ ಪ್ರಾಣಿ ಅದು. ಯಾರಿಗಾದರೂ ಅದರ ಒಂದು ಜೀನಿನ ಬಗ್ಗೆ ಅನುಮಾನ ಬಂದರೆ ಕೇಂದ್ರಕ್ಕೆ ಬರೆದು ಆ ಇಲಿಯ ನೆಂಟರನ್ನೇ ತರಿಸಿಕೊಂಡು ಪರೀಕ್ಷಿಸಬಹುದು.

ನಿಮ್ಮ ಇಲಿಗಳಿಗೆ ಅಂಥ ತವರುಮನೆ ಇಲ್ಲ. ಹಾಗಾಗಿ ನಿಮ್ಮಲ್ಲಿ ಆ ಜಾಗವನ್ನು ತುಂಬಬೇಕಾದದ್ದು ಕಪಾಟಿನಲ್ಲಿರುವ ತಲೆಬುರುಡೆ, ಚರ್ಮ, ವರ್ಣತಂತುವಿನ ಸ್ಲೈಡ್, ಫ್ರೀಜರ್‌ನಲ್ಲಿರುವ ಪಿತ್ತಜನಕಾಂಗದ ಚೂರು. ಡೇಟಾಬೇಸಿನ ಪ್ರತಿಯೊಂದು ಅಕ್ಷರದಿಂದ ಹಿಂದಕ್ಕೆ ನಡೆದರೆ ಆ ತಲೆಬುರುಡೆಯ ಮುಂದೆ ಬಂದು ನಿಲ್ಲುವಂತಿರಬೇಕು. ಅದಾಗದಿದ್ದರೆ ಎಷ್ಟು ಚೆಂದದ ವೆಬ್‌ಸೈಟ್ ಮಾಡಿದರೂ ನಾನಂತೂ ನಂಬುವುದಿಲ್ಲ.

ಇದು ಶಿಸ್ತಿನ ಮಾತಷ್ಟೇ ಅಲ್ಲ, ಹೆಸರುಗಳು ಬದಲಾಗುತ್ತವೆ. ಪೆರೋಮಿಸ್ಕಸ್ ಮ್ಯಾನಿಕ್ಯುಲೇಟಸ್ ಎಂದು ದಶಕಗಟ್ಟಲೆ ಕರೆಸಿಕೊಂಡ ಇಲಿಯನ್ನು 2019ರಲ್ಲಿ ಒಡೆದು, ಪಶ್ಚಿಮದವುಗಳನ್ನು ಸೊನೊರಿಯೆನ್ಸಿಸ್ ಎಂಬ ಬೇರೆ ಪ್ರಭೇದವೆಂದು ಪ್ರಸ್ತಾಪಿಸಿದರು. ಹಿಡಿದ ಜಾಗವನ್ನು ಬರೆದಿಟ್ಟಿದ್ದ ಮಾದರಿಗಳನ್ನು ನಕ್ಷೆ ನೋಡಿಕೊಂಡು ಹೊಸ ಹೆಸರಿಗೆ ವರ್ಗಾಯಿಸಬಹುದು. ಬರೀ ‘ಅಮೆರಿಕ’ ಎಂದಿದ್ದವುಗಳನ್ನು ಏನು ಮಾಡುತ್ತೀರಿ? ನಿಮ್ಮ ಟೆರಿಕಲರ್ ಕೂಡ ಹಳೆಯ ಬರಹಗಳಲ್ಲಿ ಮುಸ್ ಡನ್ನೈ ಆಗಿದೆಯಲ್ಲವೇ.

ಪಹಣಿಯಲ್ಲಿ ಖಾತೆದಾರನ ಹೆಸರು ಎಷ್ಟು ಸಲ ಬದಲಾದರೂ ಸರ್ವೆ ನಂಬರ್ ಜಮೀನಿಗೆ ಅಂಟಿಕೊಂಡಿರುತ್ತದೆ. ನಿಮ್ಮ ಪ್ರತಿ ಪ್ರಾಣಿಗೂ ಹಾಗೊಂದು ನಂಬರ್ ಕೊಡಿ, ಅದರಲ್ಲಿ ಪ್ರಭೇದದ ಹೆಸರಿನ ಸುಳಿವೂ ಇರಬಾರದು. ಅನೇಕರು ಬೂಡುಗಾ ಎಂದು ‘ಬೂ-12’ ಎಂದು ಬರೆಯುತ್ತಾರೆ. ನಾಳೆ ಅದು ಟೆರಿಕಲರ್ ಎಂದು ಗೊತ್ತಾದಾಗ ನಂಬರನ್ನೇ ತಿದ್ದಲು ಹೊರಡುತ್ತಾರೆ, ಅಲ್ಲಿಂದ ಎಲ್ಲವೂ ಕೆಡುತ್ತದೆ. ಒಮ್ಮೆ ಕೊಟ್ಟ ನಂಬರನ್ನು ಇನ್ನೊಂದು ಪ್ರಾಣಿಗೆ ಯಾವ ಕಾರಣಕ್ಕೂ ಕೊಡಬೇಡಿ. ಮಾದರಿ ಹಾಳಾಗಿ ಕೈಬಿಟ್ಟರೂ ಅದರ ಪುಟ ಇರಲಿ, ‘ಕೈಬಿಡಲಾಗಿದೆ, ಕಾರಣ ಇಂಥದ್ದು’ ಎಂಬ ಒಂದು ಸಾಲಿನೊಂದಿಗೆ.

ಇನ್ನು ಸ್ಥಳ ಎಂದರೆ ಊರಿನ ಹೆಸರಷ್ಟೇ ಅಲ್ಲ. ಡಿಯರ್ ಮೌಸ್ ಸಮುದ್ರಮಟ್ಟದ ಬಯಲಿನಿಂದ 4,300 ಮೀಟರಿನ ಶಿಖರದವರೆಗೂ ಬದುಕುತ್ತದೆ. ಎತ್ತರದ ಇಲಿಗಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂಬುದನ್ನು ನೆಬ್ರಾಸ್ಕಾದ ಜೇ ಸ್ಟೋರ್ಜ್ ಮತ್ತು ಸಂಗಡಿಗರು ತೋರಿಸಲು ಸಾಧ್ಯವಾದದ್ದು ಪ್ರತಿ ಇಲಿಯ ಜೊತೆ ಅದು ಸಿಕ್ಕ ಎತ್ತರವೂ ದಾಖಲಾಗಿದ್ದರಿಂದ. ನಿಮ್ಮಲ್ಲಿ ಎತ್ತರದ ಬದಲು ಮಣ್ಣು ಮುಖ್ಯವಾಗಬಹುದು. ಎರೆಯೋ ಮಸಾರಿಯೋ, ನೀರಾವರಿಯೋ ಮಳೆಯಾಶ್ರಿತವೋ, ಯಾವ ಬೆಳೆ, ಬಿಲದಿಂದ ಅಗೆದದ್ದೋ ಬೋನಿಗೆ ಬಿದ್ದದ್ದೋ, ಎಲ್ಲ ಬರೆಯಿರಿ. ಅದನ್ನು ನಿಮಗಿಂತ ಚೆನ್ನಾಗಿ ಬರೆಯುವವರು ಯಾವ ದೊಡ್ಡ ಸಂಸ್ಥೆಯಲ್ಲೂ ಇಲ್ಲ.

ಜೀನೋಮ್‌ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಕೈಯಲ್ಲಿರುವುದು ಬಹುಶಃ ಚಿಕ್ಕ ಚಿಕ್ಕ ತುಣುಕುಗಳ ಓದು. ಅದನ್ನು ಜೋಡಿಸಲು ಯಾವುದಾದರೂ ಸಿದ್ಧ ಜೀನೋಮ್‌ನ ಆಸರೆ ಬೇಕು. ಬೂಡುಗಾ, ಟೆರಿಕಲರ್ ಎರಡೂ ಮನೆ ಚಿಟ್ಟಿಲಿಯ ಹತ್ತಿರದ ಬಳಗ, ಆದ್ದರಿಂದ 2002ರಿಂದ ಎಲ್ಲರೂ ಬಳಸುತ್ತಿರುವ ಮನೆ ಚಿಟ್ಟಿಲಿಯ ಜೀನೋಮ್ ಆಸರೆಯಾಗುತ್ತದೆ. 2018ರಲ್ಲಿ ಮುಸ್ ಕ್ಯಾರೋಲಿ, ಮುಸ್ ಪಹಾರಿ ಜೀನೋಮ್‌ಗಳೂ ಪ್ರಕಟವಾಗಿವೆ, ಅವನ್ನೂ ನೋಡಿ. ಹೆಗ್ಗಣಕ್ಕೆ ಇಲಿಯ ಆಸರೆ ಬೇಕು, ಅಂದರೆ ರ‍್ಯಾಟಸ್. ಅದು ಆ ಕಡೆಯ ನೆಂಟ. ಆದರೆ ಪ್ಲಾಟಿಥ್ರಿಕ್ಸ್ ವಿಷಯದಲ್ಲಿ ಜೋಕೆ. ಮನೆ ಚಿಟ್ಟಿಲಿಗೆ 40 ವರ್ಣತಂತು, ಪ್ಲಾಟಿಥ್ರಿಕ್ಸ್‌ಗೆ 26. ಅದರ ದತ್ತಾಂಶವನ್ನು ಮನೆ ಚಿಟ್ಟಿಲಿಯ ಮೇಲೆ ಜೋಡಿಸಿ ಪರದೆಯ ಮೇಲೆ ಬಿಟ್ಟರೆ ನೋಡಿದವರಿಗೆ ಇಪ್ಪತ್ತು ಜೊತೆ ವರ್ಣತಂತುಗಳೇ ಕಾಣುತ್ತವೆ, ಮುಂದಿನ ವರ್ಷ ಯಾರದೋ ಪ್ರಬಂಧದಲ್ಲಿ ಅದೇ ಸತ್ಯವಾಗಿರುತ್ತದೆ. ನಿಮ್ಮದೇ ಸ್ಲೈಡಿನಲ್ಲಿ ಹದಿಮೂರು ಜೊತೆ ಎಣಿಸಿರುತ್ತೀರಲ್ಲ, ಆ ಚಿತ್ರವನ್ನು ಅದೇ ಪುಟದ ತಲೆಯ ಮೇಲೆ ಹಾಕಿ. ಆಸರೆಯಲ್ಲಿ ಇಲ್ಲದ ಭಾಗ ನಿಮ್ಮ ಇಲಿಯಲ್ಲಿದ್ದರೆ ಅದು ಕಾಣುವುದೇ ಇಲ್ಲ ಎಂಬುದನ್ನೂ ಬರೆಯಿರಿ. ಇದನ್ನು ‘ಪ್ಲಾಟಿಥ್ರಿಕ್ಸ್ ಜೀನೋಮ್’ ಎಂದು ಕರೆಯಬೇಡಿ. ಅದು ಇನ್ನೂ ಆಗಿಲ್ಲ.

---

ಮಲೆನಾಡಿನ ಪಶುವೈದ್ಯ

ಸಾಲುಮರ ಅವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಸೇರ್ಪಡೆ. ನಾನು ಶಿವಮೊಗ್ಗ ಜಿಲ್ಲೆಯವನು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ಕಾಯಿಲೆಯ ಹೆಸರು ಮಂಗನಿಗೆ ಅಂಟಿಕೊಂಡಿತು. ಅದನ್ನು ಹರಡುವ ಉಣ್ಣೆಗಳು ಮರಿಯಾಗಿದ್ದಾಗ ಕಾಡಿನ ಇಲಿ, ಸೊಂಡಿಲಿಗಳ ರಕ್ತವನ್ನೂ ಕುಡಿಯುತ್ತವೆ ಎಂಬುದು ಊರಿನವರ ಮಾತಿನಲ್ಲಿ ಬರುವುದೇ ಇಲ್ಲ. ಆದ್ದರಿಂದ ನಿಮ್ಮ ದಾಖಲೆಯಲ್ಲಿ ಉಣ್ಣೆ, ಚಿಗಟ, ಹೇನುಗಳಿಗೊಂದು ಕಾಲಂ ಇರಲಿ. ಇಲಿಯನ್ನು ಚೀಲದಿಂದ ತೆಗೆಯುವ ಮೊದಲೇ ಕಿವಿಯ ಒಳಬದಿ ನೋಡಿ, ಉಣ್ಣೆಯ ಮರಿಗಳು ಅಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಕೂತಿರುತ್ತವೆ. ಅವನ್ನು ಆಲ್ಕೋಹಾಲ್‌ನಲ್ಲಿ ಹಾಕಿ ಇಲಿಯ ನಂಬರನ್ನೇ ಬರೆಯಿರಿ.

ಗುಲ್ಮದ ಚೂರನ್ನೂ ಬೇರೆಯಾಗಿ ಇಡಿ. 1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಗಟ್ಟಿಮುಟ್ಟಾದ ಯುವಕರು ಉಸಿರಾಟ ಕಟ್ಟಿ ಸತ್ತರು. ಕಾರಣ ಡಿಯರ್ ಮೌಸ್ ಹೊತ್ತು ತಿರುಗುವ ಹಂಟಾ ವೈರಸ್, ಸಿನ್ ನೊಂಬ್ರೆ. ಹೊಸ ವೈರಸ್ಸೇ ಹುಟ್ಟಿತೋ ಎಂಬ ಗಾಬರಿ ಅಡಗಿದ್ದು ವಸ್ತುಸಂಗ್ರಹಾಲಯಗಳಲ್ಲಿ ಅದಕ್ಕೂ ವರ್ಷಗಳ ಹಿಂದೆ ಹಿಡಿದು ಶೈತ್ಯದಲ್ಲಿಟ್ಟಿದ್ದ ಇಲಿ ಅಂಗಾಂಶಗಳಲ್ಲೂ ಅದೇ ವೈರಸ್ ಸಿಕ್ಕಾಗ. ಆ ಇಲಿಗಳನ್ನು ಹಿಡಿದವರಿಗೆ ವೈರಸ್ಸಿನ ಕಲ್ಪನೆಯೂ ಇರಲಿಲ್ಲ. ಮತ್ತೆ, ದಯವಿಟ್ಟು ವಿದ್ಯಾರ್ಥಿಗಳಿಗೆ ಕೈಗವಸು ಮತ್ತು ಒಳ್ಳೆಯ ಮಾಸ್ಕ್ ಕೊಡಿ. ಒಣಗಿದ ಇಲಿ ಮೂತ್ರದ ದೂಳು ಮೂಗಿಗೆ ಹೋಗುವುದು ಒಳ್ಳೆಯದಲ್ಲ, ಒದ್ದೆ ಗದ್ದೆಯಲ್ಲಿ ಇಲಿಜ್ವರದ ಭಯ ಬೇರೆ.

---

ಕಮಾಂಡ್‌ಲೈನ್

ಸಾಲುಮರ ಮೇಡಂ ಹೇಳಿದ್ದು ಸರಿ. ಆದರೆ ಒಂದು ತಕರಾರು. ದಾಖಲೆ ಪೂರ್ತಿ ಚೊಕ್ಕವಾಗುವವರೆಗೆ ವೆಬ್‌ಸೈಟ್ ಬೇಡ ಎಂದು ಕುಳಿತರೆ ಆ ಹಾರ್ಡ್ ಡಿಸ್ಕ್ ಡ್ರಾಯರ್‌ನಲ್ಲೇ ಮುಪ್ಪಾಗುತ್ತದೆ. ಐದು ಪ್ರಾಣಿಗಳ ದಾಖಲೆ ಸರಿಯಿದ್ದರೆ ಐದಕ್ಕೇ ಪುಟ ಹಾಕಿ. ಜನ ನೋಡಿದರೆ ತಪ್ಪು ಹೇಳುತ್ತಾರೆ, ಅದೇ ಲಾಭ.

ತಂತ್ರಾಂಶ ಕೇಳಿದ್ದಿರಿ. ಕಚ್ಚಾ ದತ್ತಾಂಶವನ್ನು ಕಾಲೇಜಿನ ಸರ್ವರ್‌ಗೆ ಹಾಕಬೇಡಿ. ಒಂದು ಪ್ರಾಣಿಯನ್ನು ಮೂವತ್ತು ಪಟ್ಟು ಆಳದಲ್ಲಿ (ಪ್ರತಿ ಅಕ್ಷರವನ್ನು ಸರಾಸರಿ ಮೂವತ್ತು ಸಲ) ಓದಿಸಿದರೆ ಒತ್ತಿ ಮುಚ್ಚಿದ ಫೈಲುಗಳೇ ಹತ್ತಾರು ಜಿಬಿ ಆಗುತ್ತವೆ. ಅದು ಹೋಗಬೇಕಾದದ್ದು ಸಾರ್ವಜನಿಕ ಭಂಡಾರಕ್ಕೆ. ನಮ್ಮಲ್ಲಿ 2022ರಲ್ಲಿ ಫರೀದಾಬಾದಿನಲ್ಲಿ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ ಶುರುವಾಗಿದೆ, ಅಲ್ಲಿಗೆ ಸಲ್ಲಿಸಿ. ಅವರು ಕೊಡುವ ಅಕ್ಸೆಶನ್ ಸಂಖ್ಯೆಯಷ್ಟೇ ನಿಮ್ಮ ಪುಟದಲ್ಲಿರಲಿ. ನಿಮ್ಮ ಸರ್ವರ್ ಸತ್ತರೂ ದತ್ತಾಂಶ ಬದುಕುತ್ತದೆ.

ನಿಮ್ಮ ಕಡೆ ಉಳಿಯುವುದು ತೆಳುವಾದ ಒಂದು ಪದರ. ಜೀನೋಮ್ ತೋರಿಸಲು ಜೆಬ್ರೌಸ್ 2 ಸಾಕು. ಅದಕ್ಕೆ ಹಿಂದೆ ಡೇಟಾಬೇಸ್ ಪ್ರೋಗ್ರಾಂ ಏನೂ ಬೇಡ. ಸೂಚಿ ಸಹಿತ ಸಂಕುಚಿತ ಫೈಲುಗಳನ್ನು ಸಾಧಾರಣ ವೆಬ್ ಜಾಗದಲ್ಲಿಟ್ಟರೆ ನೋಡುವವರ ಬ್ರೌಸರ್ ಬೇಕಾದ ತುಂಡನ್ನಷ್ಟೇ ಎಳೆದುಕೊಳ್ಳುತ್ತದೆ. ತಮ್ಮ ಜೀನನ್ನು ಹಾಕಿ ಹೋಲಿಕೆ ಹುಡುಕುವವರಿಗೆ ಸೀಕ್ವೆನ್ಸ್‌ಸರ್ವರ್ ಇಡಬಹುದು, ಅದಕ್ಕೆ ಮಾತ್ರ ಸದಾ ಓಡುವ ಯಂತ್ರ ಬೇಕು. ಕರೆಂಟು ಹೋದಾಗ ಅದೊಂದು ನಿಲ್ಲಲಿ, ಉಳಿದದ್ದು ನಡೆಯುತ್ತಿರುತ್ತದೆ.

ಎರಡು ಕಾಟಗಳನ್ನು ಮೊದಲೇ ಹೇಳಿಬಿಡುತ್ತೇನೆ, ವಿದ್ಯಾರ್ಥಿನಿಯ ರಾತ್ರಿ ಉಳಿಯಲಿ. ಜೀನೋಮ್ ಫೈಲಿನಲ್ಲಿ ವರ್ಣತಂತುವಿನ ಹೆಸರು ಬರೀ ‘1’ ಎಂದಿರುತ್ತದೆ, ಜೀನುಗಳ ಪಟ್ಟಿಯಲ್ಲಿ ಅದೇ ‘ಕ್ರೋಮ್ 1’ ಎಂದಿರುತ್ತದೆ. ಪರದೆ ಖಾಲಿ ಕಾಣುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಇನ್ನೊಂದು, ಜೀನುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಬೇಡಿ. ಸೆಪ್ಟ್ 2, ಮಾರ್ಚ್ 1 ಎಂಬ ಹೆಸರಿನ ಜೀನುಗಳನ್ನು ಅದು ತಾರೀಕು ಮಾಡಿಬಿಡುತ್ತಿತ್ತು. ಕೊನೆಗೆ 2020ರಲ್ಲಿ ಮಾನವ ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು ಜೀನುಗಳ ಹೆಸರು ಬದಲಿಸಿತು. ಆಗ ತಂತ್ರಾಂಶ ಬದಲಾಗಲಿಲ್ಲ, ವಿಜ್ಞಾನವೇ ಬಗ್ಗಿತು ಎಂದು ಇವತ್ತಿಗೂ ನನಗೆ ಉರಿಯುತ್ತದೆ. ಹಳೆಯ ಪಟ್ಟಿಗಳಲ್ಲಿ ಹಳೆಯ ಹೆಸರೇ ಇರುವುದರಿಂದ ಎಚ್ಚರ ತಪ್ಪಬೇಡಿ.

---

ಎರೆಮಣ್ಣು

ಎಲ್ಲರಿಗೂ ಧನ್ಯವಾದ. ತಲೆಬುರುಡೆಗಳು ಇವೆ, ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದಿಗೆ. ಉಣ್ಣೆ ಮಾತ್ರ ಈವರೆಗೆ ತೆಗೆದಿಟ್ಟಿಲ್ಲ, ಈ ಹಂಗಾಮಿನಿಂದ ತೆಗೆಯುತ್ತೇವೆ.

ಸಾಲುಮರ ಅವರೇ, ನನ್ನ ನಿಜವಾದ ತಲೆನೋವು ಬೂಡುಗಾ ಮತ್ತು ಟೆರಿಕಲರ್. ಒಂದೇ ಹೊಲದಲ್ಲಿ, ಕೆಲವೊಮ್ಮೆ ಒಂದೇ ಬದುವಿನಲ್ಲಿ ಸಿಗುತ್ತವೆ. ಇಬ್ಬರಿಗೂ 40 ವರ್ಣತಂತು. ಎಕ್ಸ್ ವರ್ಣತಂತು ನೋಡಿದರೆ ಗೊತ್ತಾಗುತ್ತದೆ, ಟೆರಿಕಲರ್‌ನದು ದೊಡ್ಡದು, ಗಿಡ್ಡ ತೋಳೂ (ನಡುಗಂಟಿನ ಆಚೆಯ ಚಿಕ್ಕ ಭಾಗ) ಇದೆ. ಆದರೆ ಎಲ್ಲ ಪ್ರಾಣಿಗಳ ಸ್ಲೈಡ್ ಚೆನ್ನಾಗಿ ಬಂದಿಲ್ಲ. ಟೆರಿಕಲರ್‌ನಲ್ಲೇ ವರ್ಣತಂತುಗಳ ಗಿಡ್ಡ ತೋಳಿನ ಆಧಾರದ ಮೇಲೆ ಒಂದು, ಎರಡು, ಮೂರನೆಯ ಬಗೆ ಎಂದು ವಿಂಗಡಿಸುತ್ತಾರೆ. ಜೀನೋಮ್ ಓದಿಸಿದ ಕೆಲವಕ್ಕೆ ಸ್ಲೈಡೇ ಇಲ್ಲ. ಅವುಗಳಿಗೆ ಯಾವ ಹೆಸರು ಹಾಕಲಿ? ಇನ್ನೊಂದು, ಕಾನೂನು. ಇಲಿಗೂ ಅನುಮತಿ ಬೇಕೇ?

---

ಸಾಲುಮರ

ಹೆಸರಿಗೆ ಎರಡು ಕಾಲಂ ಮಾಡಿ ಸರ್. ಒಂದರಲ್ಲಿ ಹೊಲದಲ್ಲಿ ನೀವು ಏನೆಂದು ಬರೆದಿರಿ ಎಂಬುದು, ಅದನ್ನು ಎಂದೂ ತಿದ್ದಬಾರದು. ಇನ್ನೊಂದರಲ್ಲಿ ಸದ್ಯದ ನಿರ್ಣಯ, ಅದರ ಪಕ್ಕದಲ್ಲಿ ನಿರ್ಣಯಿಸಿದವರು, ತಾರೀಕು, ಆಧಾರ. ಆಧಾರ ಎಂಬಲ್ಲಿ ‘ವರ್ಣತಂತು’, ‘ಸೈಟೋಕ್ರೋಮ್ ಬಿ’ (ಪ್ರಭೇದ ಗುರುತಿಸಲು ಬಳಸುವ ಒಂದು ಜೀನು), ‘ಹೊರನೋಟ’ ಎಂಬ ಮೂರರಲ್ಲೊಂದು. ಬರೀ ಹೊರನೋಟ ಇದ್ದರೆ ಸದ್ಯದ ನಿರ್ಣಯದಲ್ಲಿ ‘ಬೂಡುಗಾ ಅಥವಾ ಟೆರಿಕಲರ್’ ಎಂದೇ ಇರಲಿ. ನಾಚಿಕೆಪಡುವಂಥದ್ದೇನೂ ಇಲ್ಲ.

ಆದರೆ ನಿಮಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಉತ್ತರ ನಿಮ್ಮ ಡ್ರಾಯರ್‌ನಲ್ಲೇ ಇದೆ. ಪೂರ್ಣ ಜೀನೋಮ್ ಓದಿಸಿದ್ದೀರಿ ಎಂದರೆ ಮೈಟೊಕಾಂಡ್ರಿಯದ ಡಿಎನ್‌ಎ ಬೇಕಾದಷ್ಟು ಪಟ್ಟು ಸಿಕ್ಕಿರುತ್ತದೆ. ವಿದ್ಯಾರ್ಥಿನಿಗೆ ಹೇಳಿ ಅದರಿಂದ ಸೈಟೋಕ್ರೋಮ್ ಬಿ ಜೀನನ್ನು ಹೊರತೆಗೆಸಿ. ಮೊದಲು ಸ್ಲೈಡ್ ಸ್ಪಷ್ಟವಾಗಿರುವ ಪ್ರಾಣಿಗಳಿಂದ ಎರಡು ಗುಂಪು ಮಾಡಿ, ಆಮೇಲೆ ಸ್ಲೈಡ್ ಇಲ್ಲದವು ಯಾವ ಗುಂಪಿಗೆ ಬೀಳುತ್ತವೆ ನೋಡಿ. ಸಾರ್ವಜನಿಕ ಭಂಡಾರದಲ್ಲಿ ಈ ಹೆಸರುಗಳಡಿ ಸಿಗುವ ಹಳೆಯ ನಮೂದುಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಅವರೂ ನಿಮ್ಮ ಹಾಗೆಯೇ ಹೊಲದಲ್ಲಿ ತಬ್ಬಿಬ್ಬಾದವರೇ. ವರ್ಣತಂತುವಿನ ಸ್ಲೈಡ್ ಮತ್ತು ಪೂರ್ಣ ಜೀನೋಮ್ ಎರಡೂ ಒಂದೇ ಪ್ರಾಣಿಯದ್ದಾಗಿರುವ ನಿಮ್ಮ ಆ ಕೆಲವೇ ಇಲಿಗಳು ಈ ಡೇಟಾಬೇಸಿನ ಅತಿ ಬೆಲೆಬಾಳುವ ಭಾಗ. ಮೊದಲ ಪುಟಗಳು ಅವುಗಳದ್ದೇ ಇರಲಿ. ಕಮಾಂಡ್‌ಲೈನ್ ಅವರು ಹೇಳಿದಂತೆ ಅಷ್ಟನ್ನು ಈಗಲೇ ಬಿಡುಗಡೆ ಮಾಡುವುದಕ್ಕೆ ನನ್ನ ಒಪ್ಪಿಗೆಯೂ ಇದೆ.

ಬೂಡುಗಾವನ್ನು ಬೇರೆ ಕೆಲಸಕ್ಕೂ ಬಳಸಿದ್ದಾರೆ ಎಂಬುದು ನಿಮಗೆ ಗೊತ್ತಿರಬಹುದು. ಮದುರೆಯಲ್ಲಿ ಎಂ. ಕೆ. ಚಂದ್ರಶೇಖರನ್ ಅವರ ಪ್ರಯೋಗಾಲಯ ದೇಹದೊಳಗಿನ ದಿನದ ಗಡಿಯಾರವನ್ನು ಅಧ್ಯಯನ ಮಾಡಿದ್ದು ಇದೇ ಪುಟ್ಟ ಇಲಿಯ ಮೇಲೆ. ಆ ಗಡಿಯಾರದ ಜೀನುಗಳನ್ನು ನಿಮ್ಮ ಪುಟದಲ್ಲಿ ಮೊದಲು ಗುರುತಿಸಿ ತೋರಿಸಿದರೆ ಹುಡುಕಿಕೊಂಡು ಬರುವವರು ಇದ್ದಾರೆ. ಇಪ್ಪತ್ತು ಸಾವಿರ ಜೀನುಗಳಿಗೂ ಒಟ್ಟಿಗೆ ಪುಟ ಮಾಡುತ್ತೇನೆ ಎಂದು ಹೊರಡಬೇಡಿ. ಜೀನುಗಳಿಗೆ ಹೊಸ ಹೆಸರನ್ನೂ ಇಡಬೇಡಿ, ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯವರು ಮನೆ ಚಿಟ್ಟಿಲಿಗೆ ಬಳಸುವ ಹೆಸರುಗಳನ್ನೇ ಇಟ್ಟುಕೊಂಡು ಜೊತೆಯಲ್ಲಿ ಅವರ ಗುರುತು ಸಂಖ್ಯೆ ಕೊಡಿ. ವಾಸನೆ ಹಿಡಿಯುವ ಘ್ರಾಣಗ್ರಾಹಿ ಜೀನುಗಳಂಥ ದೊಡ್ಡ ಕುಟುಂಬಗಳನ್ನು ಸದ್ಯಕ್ಕೆ ಮುಟ್ಟಲೇಬೇಡಿ. ಮನೆ ಚಿಟ್ಟಿಲಿಯಲ್ಲೇ ಅವು ಸಾವಿರ ದಾಟುತ್ತವೆ, ಒಂದನ್ನೊಂದು ಹೋಲುತ್ತವೆ, ಚಿಕ್ಕ ತುಣುಕುಗಳಿಂದ ಯಾವುದು ಯಾವುದಕ್ಕೆ ಸಮ ಎಂದು ಹೇಳುವುದು ಕಣ್ಣು ಕಟ್ಟಿಕೊಂಡು ಓಡಿದಂತೆ.

ಕಾನೂನು: ಇಲಿಗಳು ಹಿಂದೆ ವನ್ಯಜೀವಿ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಕಾಗೆಯ ಜೊತೆ ಉಪದ್ರವಿಗಳೆಂದು ಕುಳಿತಿದ್ದವು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಆದ್ದರಿಂದ ಹಳೆಯ ಮಾತು ಕೇಳಿ ನಡೆಯಬೇಡಿ, ಅರಣ್ಯ ಇಲಾಖೆಗೊಂದು ಪತ್ರ ಬರೆದು ಉತ್ತರವನ್ನು ಕಡತದಲ್ಲಿಡಿ. ಪ್ರಾಣಿಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ವಿದೇಶದ ಯಾರನ್ನಾದರೂ ಸೇರಿಸಿಕೊಂಡರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಅನುಮತಿಯ ಪ್ರಶ್ನೆ ಬರುತ್ತದೆ, ಅದನ್ನು ಕೆಲಸ ಮುಗಿದ ಮೇಲಲ್ಲ, ಮೊದಲೇ ಕೇಳಿಕೊಳ್ಳಿ.

ನಿಮ್ಮ ದಾಖಲೆ ಪುಸ್ತಕದ ಒಂದು ಪುಟದ ಫೋಟೋ ಇಲ್ಲಿ ಹಾಕಲು ಸಾಧ್ಯವೇ? ಹೊಲದ ಮಾಲೀಕರ ಹೆಸರು ಮತ್ತು ಸರ್ವೆ ನಂಬರ್ ಮುಚ್ಚಿ ಹಾಕಿ. ಕಾಲಂಗಳನ್ನು ಹೇಗೆ ಒಡೆಯಬೇಕೆಂದು ಅದನ್ನು ನೋಡಿಯೇ ಹೇಳುತ್ತೇನೆ.